ನಬಿದಿನದ ಕೊಡೆ

ನಬಿದಿನ ಅಂದರೆ ಪ್ರವಾದಿಯವರ ಹುಟ್ಟಿದ ದಿನ. ಅವತ್ತು ಮೀಲಾದ್ ಮೆರವಣಿಗೆ ಹೊರಡುವ ಬೆಳಿಗ್ಗೆ ನಮ್ಮ ಮನೆಯಲ್ಲಿ ಜಗಳ ಆಗುವುದು ಕೊಡೆ ವಿಷಯಕ್ಕೆ. ಉಮ್ಮ, ಅಂದರೆ ನನ್ನ ತಾಯಿ, ಅದನ್ನು ಮೊಮ್ಮಗನ ಕೈಗೆ ತುರುಕುತ್ತಾರೆ. ಅವನು ಬಾಗಿಲ ಮೂಲೆಗೆ ಒರಗಿಸಿ ಮದ್ರಸಕ್ಕೆ ಓಡುತ್ತಾನೆ. ಅವನ ನ್ಯಾಯವೂ ಸರಿಯೇ ಅಲ್ವಾ? ಒಂದು ಕೈಲಿ ತಮಟೆಯಂಥ ದಫ್ ಹಿಡಿಯಬೇಕು, ಇನ್ನೊಂದರಲ್ಲಿ ಬಡಿಯಬೇಕು. ಕೊಡೆಗೆ ಮೂರನೇ ಕೈ ಎಲ್ಲಿಂದ ತರೋಣ?

ತಪ್ಪು ಚಂದ್ರನದ್ದು. ಹಿಜರಿ ವರ್ಷಕ್ಕೆ 354 ದಿನ, ಕೆಲವೊಮ್ಮೆ 355. ಹಾಗಾಗಿ ನಬಿದಿನ ವರ್ಷಕ್ಕೆ ಹನ್ನೊಂದು ದಿನದಷ್ಟು ಹಿಂದೆ ಹಿಂದೆ ಬರುತ್ತದೆ. 2019ರಲ್ಲಿ ನವೆಂಬರ್ 10ಕ್ಕೆ ಇತ್ತು. ಅರೇಬಿಕಾ ಹಣ್ಣಾಗುವ ಕಾಲ, ಮೆರವಣಿಗೆಗೆ ಹೇಳಿ ಮಾಡಿಸಿದ್ದು. 2025ರಲ್ಲಿ ಸೆಪ್ಟೆಂಬರ್ 5. ಇನ್ನು ಆಗಸ್ಟ್, ಆಮೇಲೆ ಜುಲೈ. ಕೊಡಗಿನ ಜುಲೈ ಅಂದರೆ ಗೊತ್ತಲ್ಲ! ನಮ್ಮ ಎಮ್ಮೆಮಾಡು ದರ್ಗಾದ ಉರೂಸೇ ಜಾಣ, ಮಳೆಗಾಲದ ತಂಟೆಗೇ ಬರುವುದಿಲ್ಲ.

ನಬಿದಿನ ಹೀಗೆ ಎಲ್ಲಾ ಕಾಲಗಳನ್ನೂ ಒಂದು ಸುತ್ತು ಹಾಕಿ ಹಳೇ ಜಾಗಕ್ಕೆ ಬರಲು ಸುಮಾರು 33 ವರ್ಷ ಬೇಕು. ಅಂದರೆ ನಾನು ದಫ್ ಹಿಡಿದದ್ದೂ ಇಂಥದೇ ಮಳೆಯಲ್ಲಿ. ಆಗ ಆಡಿನ ಚರ್ಮದ ದಫ್. ತೇವ ಆದರೆ ಸದ್ದು ಸತ್ತುಹೋಗಿ ಬೊದಬೊದ ಅನ್ನುತ್ತಿತ್ತು. ನೈಚೋರು, ಅಂದರೆ ತುಪ್ಪದನ್ನ, ಬೇಯುವ ಒಲೆಯ ಮುಂದೆ ಉಸ್ತಾದರು ಒಂದೊಂದನ್ನೇ ಹಿಡಿದು ಕಾಯಿಸುತ್ತಿದ್ದರು. ಕಾದ ಚರ್ಮಕ್ಕೆ ಬೆರಳು ತಾಗಿಸಿದರೆ ಟಣ್! ತುಪ್ಪದ ಪರಿಮಳ, ಹೊಗೆ, ಆಡಿನ ವಾಸನೆ. ನನ್ನ ಪಾಲಿಗೆ ನಬಿದಿನದ ವಾಸನೆ ಅಂದರೆ ಅದೇ, ಅತ್ತರು ಅಲ್ಲ. ಮಗನ ದಫ್‌ಗೆ ಪ್ಲಾಸ್ಟಿಕ್ ಹಾಳೆ. ಮಳೆಗೂ ಜಗ್ಗುವುದಿಲ್ಲ, ಒಲೆಯೂ ಬೇಡ. ನನಗೆ ಸ್ವಲ್ಪ ಹೊಟ್ಟೆಯುರಿ.

2025ರಲ್ಲಿ ಒಂದು ಒಳ್ಳೆಯದೂ ಆಯಿತು. ಸೆಪ್ಟೆಂಬರ್ 3ಕ್ಕೆ ಕೊಡವರ ಆಯುಧ ಹಬ್ಬ ಕೈಲ್‌ಪೋಳ್ದ್. ಪಕ್ಕದ ಕೊಡವರ ಮನೆಯಿಂದ ಸ್ಟೀಲ್ ಡಬ್ಬಿಯಲ್ಲಿ ಅಕ್ಕಿ ಉಂಡೆ ಕಡಂಬುಟ್ಟು, ಜೊತೆಗೆ ಕೋಳಿ ಕರಿ ಬಂತು. ಪಂದಿ ಕರಿ ಅವರಿಗೇ ಇರಲಿ! ಡಬ್ಬಿಯನ್ನು ಖಾಲಿ ವಾಪಸ್ ಕಳಿಸುವ ಪದ್ಧತಿ ನಮ್ಮ ಬೀದಿಯಲ್ಲಿಲ್ಲ. ಅದು ಎರಡು ದಿನ ನಮ್ಮ ಅಡುಗೆಮನೆಯಲ್ಲಿ ಸುಮ್ನೆ ಕಾದು ಕೂತಿತ್ತು.

ನಬಿದಿನದ ಮಧ್ಯಾಹ್ನ ಮಗ ತೊಪ್ಪೆಯಾಗಿ ಬಂದ. ಟೋಪಿಯಿಂದ ನೀರು ಸುರಿಯುತ್ತಿತ್ತು. ದಾರಿಯುದ್ದಕ್ಕೂ ಜನ ಕೊಟ್ಟ ಮಿಠಾಯಿ ಜೇಬಲ್ಲೇ ಕರಗಿ ಅಂಟಿಕೊಂಡಿತ್ತು. ಬೈಯಬೇಕೆಂದು ಕೊಡೆ ಹುಡುಕಿದೆ. ಮೂಲೆಯಲ್ಲಿ ಇರಲಿಲ್ಲ.

ಅಂಗಳದ ಆಚೆ ಉಮ್ಮ ಹೋಗುತ್ತಿದ್ದರು. ತಲೆಗೆ ಸೆರಗು, ಬಗಲಲ್ಲಿ ನೈಚೋರು ತುಂಬಿದ ಡಬ್ಬಿ. ಕೊಡೆಯನ್ನು ಡಬ್ಬಿಗೇ ಹಿಡಿದಿದ್ದರು.