ಒಂದು ಬಕೀಟು ನೀರು

ಇಂದು ಬೆಳಗ್ಗೆಯೂ ನಮ್ಮ ಹೊಸ ಫ್ಲ್ಯಾಟಿನ ಬಚ್ಚಲಿನ ನೀರು ನೆಲದ ತೂತಿನ ಜಾಲಿಯ ಕಡೆಗೆ ಹೋಗಲಿಲ್ಲ. ಶಾಂಪೂ ನೊರೆಯನ್ನು ತಲೆಯ ಮೇಲೆ ಹೊತ್ತುಕೊಂಡು, ಕರೆಯದೆ ಬಂದ ಅತಿಥಿಯಂತೆ ಬಾಗಿಲು ದಾಟಿ, ಕಾಲೊರಸನ್ನು ತೋಯಿಸಿ, ಮಂಚದ ಕಾಲಿನ ಬಳಿ ಬಂದು ನಿಂತಿತು. ಪುಣೆಯ ಪುನಾವಳೆಯಲ್ಲಿ ಇರುವವರಿಗೆ ನೀರಿನ ಬೆಲೆಯನ್ನು ಬೇರೆ ಹೇಳಬೇಕಾಗಿಲ್ಲ. ಪಿಂಪರಿ-ಚಿಂಚವಡ ಮಹಾನಗರಪಾಲಿಕೆಯ ನಳದಲ್ಲಿ 2019ರ ನವೆಂಬರಿನಿಂದ ದಿನ ಬಿಟ್ಟು ದಿನ ನೀರು. ಸಾಲದ್ದಕ್ಕೆ ಟ್ಯಾಂಕರಿನ ದಾರಿ ಕಾಯಬೇಕು. ಹಾಗೆ ಹಣ ಕೊಟ್ಟು ತರಿಸಿದ ನೀರು ಎಂಟನೆಯ ಮಹಡಿಯವರೆಗೆ ಸರಿಯಾಗಿ ಏರಿ ಬಂದು, ಕೊನೆಯ ನಾಲ್ಕು ಅಡಿಯಲ್ಲಿ ದಾರಿ ತಪ್ಪಿದರೆ ಸಿಟ್ಟು ಬಾರದಿರುತ್ತದೆಯೇ?

ನಾನು ಕಣ್ಣು ಮುಚ್ಚಿಕೊಂಡು ಮನೆ ಕೊಂಡವಳಲ್ಲ. ಜಾಹೀರಾತಿನ ಮೂಲೆಯಲ್ಲಿದ್ದ ಕ್ಯೂಆರ್ ಕೋಡಿನಿಂದ, ಬಿಲ್ಡರುಗಳ ಮೇಲೆ ಕಣ್ಣಿಡುವ ರಾಜ್ಯದ ಪ್ರಾಧಿಕಾರವಾದ ಮಹಾರೇರಾದ ಜಾಲತಾಣಕ್ಕೆ ಹೋಗಿ, ನೋಂದಣಿ ಸಂಖ್ಯೆ, ಮುಗಿಸುವ ದಿನಾಂಕ, ಜಮೀನಿನ ಮೇಲಿನ ದಾವೆ ಎಲ್ಲವನ್ನೂ ಓದಿದ್ದೆ. ಕರಾರು ನೋಂದಣಿಯಾಗುವ ಮೊದಲು ಶೇಕಡಾ 10ಕ್ಕಿಂತ ಹೆಚ್ಚು ಮುಂಗಡ ಕೇಳಬಾರದೆಂದು 2016ರ ರೇರಾ ಕಾಯ್ದೆಯ 13ನೆಯ ಕಲಮು ಹೇಳುತ್ತದೆಂದು ಮಾರಾಟದ ಹುಡುಗಿಗೆ ನಾನೇ ಪಾಠ ಹೇಳಿದ್ದೆ. ಕಾರ್ಪೆಟ್ ಏರಿಯಾದಲ್ಲಿ, ಅಂದರೆ ಮನೆಯೊಳಗಿನ ಬಳಕೆಯ ಜಾಗದ ಲೆಕ್ಕದಲ್ಲಿ, ಬಾಲ್ಕನಿ ಸೇರುವುದಿಲ್ಲ, ಆದರೆ ಕೋಣೆಗಳ ನಡುವಿನ ಗೋಡೆಗಳು ಸೇರುತ್ತವೆ, ಅಂದರೆ ತಲೆಯಿಡಲೂ ಆಗದ ಇಟ್ಟಿಗೆಯೊಳಗಿನ ಜಾಗಕ್ಕೂ ದುಡ್ಡು ಕೊಡುತ್ತಿದ್ದೇವೆ ಎಂಬುದೂ ಗೊತ್ತಿತ್ತು. ಹೆಂಗಸಿನ ಹೆಸರಿಗೆ ಮಾತ್ರ ಕೊಂಡರೆ ಮಹಾರಾಷ್ಟ್ರದಲ್ಲಿ ಮುದ್ರಾಂಕ ಶುಲ್ಕದಲ್ಲಿ ಶೇಕಡಾ 1ರ ರಿಯಾಯಿತಿ ಇರುವುದರಿಂದ ಮನೆ ನನ್ನೊಬ್ಬಳ ಹೆಸರಿನಲ್ಲಿದೆ. ಅದರ ಫಲವಾಗಿ, ನೆಲದ ಮೇಲೆ ನೀರು ಕಂಡೊಡನೆ ನಮ್ಮವರು ಪತ್ರಿಕೆಯಿಂದ ತಲೆಯೆತ್ತದೆ, “ನಿನ್ನ ಮನಿ, ನೀನ ನೋಡು” ಎನ್ನುತ್ತಾರೆ.

ಇಷ್ಟೆಲ್ಲ ನೋಡಿದ ನಾನು ನೋಡದೆ ಬಿಟ್ಟದ್ದನ್ನು ನೋಡಲು ಹೊರಟವರು ನಮ್ಮ ಮಾವನವರು. ಧಾರವಾಡದಲ್ಲಿ ಶಾಲಾ ಮಾಸ್ತರರಾಗಿದ್ದವರು. ಮನೆ ಕಟ್ಟಿಸುವಾಗ ರಜೆ ಹಾಕಿ, ಕೊಡೆ ಹಿಡಿದು, ಗೌಂಡಿಯ ಬೆನ್ನ ಹಿಂದೆ ನಿಂತು ಒಂದೊಂದು ಫರಸಿಕಲ್ಲನ್ನೂ ಹಾಕಿಸಿದವರು. ಹೊಸ ಮನೆ ಎಂದರೆ ಅವರಿಗೆ ತೆಂಗಿನಕಾಯಿ ಇದ್ದಂತೆ, ಬಡಿದು ನೋಡದೆ ಕೊಳ್ಳಬಾರದು. ಸ್ಯಾಂಪಲ್ ಫ್ಲ್ಯಾಟ್ ನೋಡಲು ಹೋದ ದಿನ ನಾವೆಲ್ಲ ತಣ್ಣನೆಯ ಗಾಳಿಯಲ್ಲಿ ಕೂತು ಮಜ್ಜಿಗೆ ಕುಡಿಯುತ್ತ, ಆ ಕೋಣೆಗಳಿಗೆ ಬಾಗಿಲುಗಳೇ ಇಲ್ಲದಿರುವುದನ್ನಾಗಲಿ, ಮಂಚ ಐದೂವರೆ ಅಡಿಗೆ ಮುಗಿದುಹೋಗಿರುವುದನ್ನಾಗಲಿ ಗಮನಿಸದೆ, “ಎಷ್ಟು ವಿಶಾಲವಾಗಿದೆ” ಎಂದು ಮೆಚ್ಚುತ್ತಿದ್ದಾಗ, ಮಾವನವರು ಧೋತರ ಎತ್ತಿ ಕಟ್ಟಿ, ನಡುಮನೆಯಲ್ಲಿ ಕುಕ್ಕರುಗಾಲಿನಲ್ಲಿ ಕೂತು, ಜೇಬಿನಿಂದ ಎರಡು ರೂಪಾಯಿಯ ನಾಣ್ಯ ತೆಗೆದು ಟೈಲ್ಸನ್ನು ಟಕ್ ಟಕ್ ಎಂದು ಕುಟ್ಟತೊಡಗಿದರು. ಕೆಳಗೆ ಸಿಮೆಂಟು ತುಂಬಿದ್ದರೆ ಗಟ್ಟಿ ಸದ್ದು, ಪೊಳ್ಳಿದ್ದರೆ ಡೊಳ್ಳಿನ ಸದ್ದು. ಸದ್ದು ಸರಿಯಾಗಿ ಕೇಳಿಸಲೆಂದು ಅವರು ಕಿವಿಯನ್ನು ನೆಲಕ್ಕೇ ಹಚ್ಚಿದರು.

ಮಾರಾಟದ ಹುಡುಗಿ ಇದನ್ನು ನೋಡಿ, ಅಜ್ಜನವರು ಏನನ್ನೋ ಕಳೆದುಕೊಂಡಿದ್ದಾರೆಂದು ಬಗೆದು, ತಾನೂ ಮಂಡಿಯೂರಿ ಸೋಫಾದ ಕೆಳಗೆ ಹುಡುಕತೊಡಗಿದಳು. ಅವಳನ್ನು ನೋಡಿ ಮಜ್ಜಿಗೆ ತಂದ ಹುಡುಗ ಟ್ರೇ ಕೆಳಗಿಟ್ಟು ಟೀವಿಯ ಹಿಂದೆ ಬಗ್ಗಿದ. ಮ್ಯಾನೇಜರ್ ಓಡಿ ಬಂದು, ಬಂಗಾರದ್ದೇ ಎಂದು ನನ್ನನ್ನು ಪಿಸುಮಾತಿನಲ್ಲಿ ಕೇಳಿ, ನಾನು ಉತ್ತರಿಸುವ ಮೊದಲೇ ಮೊಬೈಲಿನ ಟಾರ್ಚ್ ಹಚ್ಚಿದ. ಹೀಗೆ ಮೂವರು ನೆಲ ತಡವುತ್ತಿದ್ದಾಗ ಮಾವನವರು ತುಟಿಯ ಮೇಲೆ ಬೆರಳಿಟ್ಟು, “ಶ್! ಸಪ್ಪಳ ಮಾಡಬ್ಯಾಡ್ರಿ, ಇಲ್ಲೇ ಅದ” ಎಂದರು. ಕನ್ನಡ ತಿಳಿಯದ ಮೂವರೂ ಉಸಿರು ಬಿಗಿಹಿಡಿದು ಅವರ ಸುತ್ತ ನೆರೆದರು. ಆ ಟೈಲ್ಸು ಪೊಳ್ಳಾಗಿತ್ತು; ಅವರು ಹುಡುಕುತ್ತಿದ್ದುದು ಅದನ್ನೇ.

ನನಗೆ ನಾಚಿಕೆಯಿಂದ ನೆಲ ಬಿರಿದು ನುಂಗಬಾರದೇ ಎನಿಸಿತು, ಅದೂ ಪೊಳ್ಳು ನೆಲ. “ಮಾವಾರೀ, ಏಳ್ರಿ, ಸಾಕು” ಎಂದೆ. ಅವರು ಎದ್ದರು, ಆದರೆ ನೇರವಾಗಿ ಬಚ್ಚಲಿಗೆ ಹೋಗಿ, “ಒಂದು ಬಕೀಟು ನೀರು ತರಸ್ರಿ, ಎತ್ತ ಹರೀತದ ನೋಡೇ ಬಿಡೂಣು” ಎಂದರು. ಅಲ್ಲಿಯ ನಳಗಳೆಲ್ಲ ನೋಡುವುದಕ್ಕೆ ಮಾತ್ರ ಎಂದು ಹುಡುಗಿ ಹೇಳಿದಾಗ, ಮಾವನವರು ನನ್ನ ಮುಖ ನೋಡಿದ ರೀತಿಯನ್ನು ನಾನು ಮರೆತಿಲ್ಲ.

ಕೀಲಿಕೈ ಕೈಗೆ ಬರುವ ಹೊತ್ತಿಗಾದರೂ ಆ ಬಕೀಟು ತರಿಸಬಹುದಿತ್ತು. ಕಟ್ಟಡ ವಾಸಕ್ಕೆ ಯೋಗ್ಯವೆನ್ನುವ ಭೋಗವಟಾ ಪ್ರಮಾಣಪತ್ರ, ಅಂದರೆ ಎಲ್ಲರ ಬಾಯಲ್ಲಿ ಓಸಿ, ಬಂದ ಮೇಲೆ ಸ್ವಾಧೀನ ಪಡೆಯಲು ಕಾಯ್ದೆ ಎರಡು ತಿಂಗಳ ಕಾಲಾವಕಾಶ ಕೊಡುತ್ತದೆ. ನಾನು ಎರಡು ತಾಸಿನಲ್ಲಿ ಪಡೆದೆ. ಗೃಹಪ್ರವೇಶದ ಮುಹೂರ್ತ ಗೊತ್ತಾಗಿತ್ತು, ಧಾರವಾಡದಿಂದ ಪೇಢೆ ಹೊರಟಾಗಿತ್ತು. “ಎಲ್ಲವೂ ತೃಪ್ತಿಕರವಾಗಿದೆ” ಎಂಬ ಕಾಗದಕ್ಕೆ, ನೀರಿನ ಜೋಡಣೆಯೇ ಇಲ್ಲದ ಮನೆಯಲ್ಲಿ ನಿಂತು, ದುಂಡಗೆ ಸಹಿ ಹಾಕಿದೆ.

ಧಾರವಾಡದ ಮನೆಯ ಬಚ್ಚಲಿನಲ್ಲಿ ಹಂಡೆಯಿಂದ ತಂಬಿಗೆಯಲ್ಲಿ ಎಷ್ಟು ನೀರು ಸುರಿದುಕೊಂಡರೂ ಅದು ಮೂಲೆಯ ತೂತಿಗೆ ಹರಿದು, ಹಿತ್ತಲಿನ ಬಾಳೆಯ ಬುಡ ಸೇರುತ್ತಿತ್ತು. ಮದುವೆಯಾಗಿ ಬಂದ ಹೊಸತರಲ್ಲಿ ಆ ನೆಲದ ಇಳಿಜಾರು ನನ್ನ ಗಮನಕ್ಕೇ ಬಂದಿರಲಿಲ್ಲ. ಈಗ ವೈಪರ್ ಹಿಡಿದು ನೀರನ್ನು ಏರು ದಾರಿಯಲ್ಲಿ ತಳ್ಳುವಾಗ, ಕೊಡೆ ಹಿಡಿದು ನಿಂತ ಆ ಮನುಷ್ಯ ನೆನಪಾಗುತ್ತಾರೆ. ಮಂಡಿನೋವಿನಿಂದ ಅವರೀಗ ಪುಣೆಗೆ ಬರುವುದನ್ನು ಬಿಟ್ಟಿದ್ದಾರೆ.

ಕಟ್ಟಡದ ರಚನೆಯಲ್ಲಾಗಲಿ ಕೆಲಸಗಾರಿಕೆಯಲ್ಲಾಗಲಿ ದೋಷವಿದ್ದರೆ, ಸ್ವಾಧೀನದಿಂದ ಐದು ವರ್ಷದವರೆಗೆ, ದೂರು ಕೊಟ್ಟ 30 ದಿನದೊಳಗೆ ಬಿಲ್ಡರನೇ ಬಿಟ್ಟಿಯಾಗಿ ಸರಿಪಡಿಸಬೇಕು. ಹೀಗೆನ್ನುವ ಅದೇ ಕಾಯ್ದೆಯ 14ನೆಯ ಕಲಮನ್ನು ಉಲ್ಲೇಖಿಸಿ ನಾನು ಪತ್ರ ಬರೆದಿದ್ದೆ. ಸೂಪರ್‌ವೈಸರ್ ಇಪ್ಪತ್ತೊಂಬತ್ತನೆಯ ದಿನ, ಅಂದರೆ ಇಂದು ಮಧ್ಯಾಹ್ನ ಬಂದ. ನೆಲದ ಮೇಲೆ, ಗಾಳಿಗುಳ್ಳೆಯಿಂದ ಮಟ್ಟ ತೋರಿಸುವ ಲೆವಲ್ ಪಟ್ಟಿ ಇಟ್ಟ. ಗುಳ್ಳೆ ಸೀದಾ ಜಾಲಿಯ ಕಡೆಗೆ ಓಡಿತು. ಗುಳ್ಳೆ ಎತ್ತರದ ಕಡೆಗೇ ಓಡುವುದಲ್ಲವೇ ಎಂದು ಕೇಳಿದ್ದಕ್ಕೆ, ಪಟ್ಟಿ ಹಳೆಯದು ಎಂದ. ಟೈಲ್ಸು ಕಿತ್ತರೆ ಅಡಿಯ ವಾಟರ್‌ಪ್ರೂಫಿಂಗ್ ಹೋಗಿ ಏಳನೆಯ ಮಹಡಿಯವರ ತಲೆಯ ಮೇಲೆ ಸೋರುತ್ತದೆ, ಆದ್ದರಿಂದ ಬಾಗಿಲಿಗೆ ಎರಡು ಇಂಚಿನ ಗ್ರಾನೈಟ್ ಪಟ್ಟಿ ಕೂರಿಸುತ್ತೇನೆಂದು ಹೇಳಿ, “ಹೋವೂನ್ ಜಾಯೀಲ್, ಮ್ಯಾಡಮ್”, ಆಗಿಹೋಗುತ್ತದೆ, ಎನ್ನುತ್ತಲೇ ಕೂರಿಸಿಯೂ ಬಿಟ್ಟ.

ನಾನು ವಿಡಿಯೋ ಕರೆ ಮಾಡಿ ಮಾವನವರಿಗೆ ತೋರಿಸಿದೆ. ಅವರು ಫೋನನ್ನು ನೆಲದ ಮಟ್ಟಕ್ಕೆ ಹಿಡಿಸಿ, ಬಹಳ ಹೊತ್ತು ನೋಡಿ, “ಛಲೋ ಆತವಾ. ಇಷ್ಟು ದಿನಾ ಹಳ್ಳ ಇತ್ತು, ಇನ್ನ ಕೆಲಗೇರಿ ಕೆರಿ ಆಗತದ” ಎಂದರು. ಅದನ್ನು ಹೊಗಳಿಕೆಯೆಂದು ತಿಳಿದ ಸೂಪರ್‌ವೈಸರ್ ಅವರಿಗೆ ಕೈಮುಗಿದು, ದೂರು ಪರಿಹಾರವಾಯಿತೆಂಬ ಕಾಗದವನ್ನೂ ಪೆನ್ನನ್ನೂ ನನ್ನ ಮುಂದೆ ಹಿಡಿದ.

ಈ ಸಲ ನಾನು ಪೆನ್ನು ಮುಟ್ಟಲಿಲ್ಲ. ಸಿಮೆಂಟು ಆರಲಿ, ನಾಳೆ ಒಂದು ಬಕೀಟು ನೀರು ಸುರಿದು ನೋಡಿ ಸಹಿ ಮಾಡುತ್ತೇನೆ ಎಂದೆ. ಆತ ಒಂದು ಕ್ಷಣ ಯೋಚಿಸಿ, ಬಹಳ ವಿನಯದಿಂದ ನೆನಪಿಸಿದ, “ಪಣ್ ಮ್ಯಾಡಮ್, ಉದ್ಯಾ ಪಾಣೀ ಯೇಣಾರ್ ನಾಹೀ.” ನಾಳೆ ನೀರು ಬರುವ ದಿನವಲ್ಲ.