ಮೊದಲು ಟ್ಯಾಪೆಟ್, ಆಮೇಲೆ ಹೆಡರ್ಸ್

ಹೋದ ವಾರ ತುಮಕೂರಿನ ಬಟವಾಡಿ ಹತ್ತಿರ ಒಬ್ಬ ಹುಡುಗ ನನ್ನ ಗಾಡಿ ನೋಡಿ ಬೈಕ್ ನಿಲ್ಲಿಸಿದ. "ಅಣ್ಣಾ, ನಮ್ಮನೇಲೂ ಹಳೇ ಹೋಂಡಾ ಸಿಟಿ ವಿಟೆಕ್ ಕಾರಿದೆ. ಫ್ರೀ ಫ್ಲೋ ಹಾಕ್ಸಿ ರೀಮ್ಯಾಪ್ ಮಾಡ್ಸಿದ್ರೆ 20 ಬಿಎಚ್‌ಪಿ ಜಾಸ್ತಿ ಆಗುತ್ತೆ ಅಂತಾರೆ. ನಲವತ್ತು ಸಾವಿರ ಕೇಳ್ತಿದ್ದಾರೆ. ಮಾಡಿಸ್ಲಾ?" ಅಂದ. ಫ್ರೀ ಫ್ಲೋ ಅಂದರೆ ಹೊಗೆ ಸಲೀಸಾಗಿ ಹೊರಹೋಗುವ ದಪ್ಪ ಸೈಲೆನ್ಸರ್, ರೀಮ್ಯಾಪ್ ಅಂದರೆ ಇಂಜಿನ್ ಕಂಪ್ಯೂಟರಿನ ಸೆಟ್ಟಿಂಗ್ ಬದಲಾಯಿಸುವುದು, ಬಿಎಚ್‌ಪಿ ಅಂದರೆ ಇಂಜಿನ್ ಪವರಿನ ಅಳತೆ.

ಬೇಡ ಅಂದೆ. ಯಾಕೆ ಅಂತ ರಸ್ತೆ ಪಕ್ಕ ನಿಂತು ಹೇಳುವಷ್ಟು ಚಿಕ್ಕ ವಿಷಯ ಅಲ್ಲ. ಅದಕ್ಕೇ ಇಲ್ಲಿ ಬರೆಯುತ್ತಿದ್ದೇನೆ.

ಅದೇ ತಪ್ಪನ್ನು ನಾನು ಮಾಡಿದ್ದೇನೆ. ನನ್ನದು ಅಪ್ಪ ತೆಗೆದುಕೊಂಡಿದ್ದ ಸಿಟಿ, 1.5 ಲೀಟರ್ ವಿಟೆಕ್, ಕಂಪನಿ ಲೆಕ್ಕದಲ್ಲಿ 106 ಬಿಎಚ್‌ಪಿ. ಓಪನ್ ಏರ್ ಫಿಲ್ಟರ್ ಹಾಕಿಸಿದೆ, ದಪ್ಪ ಪೈಪಿನ ಸೈಲೆನ್ಸರ್ ಹಾಕಿಸಿದೆ. ಸದ್ದು ಜೋರಾಯಿತು. ಪಿಕಪ್ಪೂ ಜೋರಾಯಿತು ಅಂತ ಎರಡು ವರ್ಷ ನಂಬಿಕೊಂಡೇ ಓಡಾಡಿದೆ. ಕಿವಿಗೆ ಕೇಳಿದ್ದನ್ನೇ ಕಾಲು ನಂಬಿಬಿಡುತ್ತದೆ.

ಆಮೇಲೆ ಬೆಂಗಳೂರಿನ ಒಂದು ಡೈನೊಗೆ, ಅಂದರೆ ಚಕ್ರಕ್ಕೆ ಬರುವ ಪವರ್ ಅಳೆಯುವ ಯಂತ್ರಕ್ಕೆ ಒಯ್ದೆ. ನೋಡದವರಿಗೆ ಹೇಳುತ್ತೇನೆ. ಮುಂದಿನ ಚಕ್ರ ಎರಡನ್ನೂ ದೊಡ್ಡ ರೋಲರ್ ಮೇಲೆ ನಿಲ್ಲಿಸುತ್ತಾರೆ. ಗಾಡಿ ಹಾರದ ಹಾಗೆ ನಾಲ್ಕೂ ಕಡೆ ಬೆಲ್ಟ್ ಬಿಗಿಯುತ್ತಾರೆ. ಮುಂದೆ ಆಳೆತ್ತರದ ಫ್ಯಾನು, ಸೈಲೆನ್ಸರ್ ಬಾಯಿಗೆ ಆಕ್ಸಿಜನ್ ಅಳೆಯುವ ಕಡ್ಡಿ. ನಾಲ್ಕನೇ ಗೇರಿಗೆ ಹಾಕಿ 2000 ಆರ್‌ಪಿಎಂನಿಂದ (ಇಂಜಿನ್ ನಿಮಿಷಕ್ಕೆ ಸುತ್ತುವ ಲೆಕ್ಕ) ಆಕ್ಸಿಲರೇಟರ್ ಪೂರ್ತಿ ಒತ್ತಿ, ಇಂಜಿನ್ ದಾಟಬಾರದ ರೆಡ್‌ಲೈನ್ ತನಕ ಬಿಡುವುದೇ ಇಲ್ಲ. ಶೆಡ್ಡಿನ ತಗಡೆಲ್ಲ ನಡುಗುತ್ತದೆ. ಹದಿನೈದು ಸೆಕೆಂಡಿನಲ್ಲಿ ಸ್ಕ್ರೀನ್ ಮೇಲೆ ಎರಡು ಗೆರೆ ಬರುತ್ತವೆ. ಒಂದು ಪವರಿನದು, ಇನ್ನೊಂದು ಟಾರ್ಕಿನದು, ಅಂದರೆ ತಿರುಗಿಸುವ ಬಲದ್ದು.

ನನ್ನ ಪವರ್ ಗೆರೆ 77 ಬಿಎಚ್‌ಪಿಗೆ ನಿಂತಿತು. ಚಕ್ರಕ್ಕೆ ಬರುವಷ್ಟರಲ್ಲಿ ಗೇರ್‌ಬಾಕ್ಸು, ಟಯರು ಎಲ್ಲ ಸೇರಿ ಒಂದು 15% ತಿಂದುಬಿಡುತ್ತವೆ. ಹಾಗೆ ನೋಡಿದರೂ 90ರ ಹತ್ತಿರ ಬರಬೇಕಿತ್ತು. ಡೈನೊದವರು ಮಾತಾಡಲಿಲ್ಲ. ಡಿಕ್ಕಿಯಲ್ಲಿದ್ದ ಹಳೇ ಕಂಪನಿ ಫಿಲ್ಟರ್ ಬಾಕ್ಸ್ ತೆಗೆದು ಹಾಕಿ, ಬಾನೆಟ್ ಮುಚ್ಚಿ ಮತ್ತೆ ಓಡಿಸಿದರು. 80. ದುಡ್ಡು ಕೊಟ್ಟು ಹಾಕಿಸಿದ್ದ ಫಿಲ್ಟರ್ ಮೂರು ಬಿಎಚ್‌ಪಿ ಕಿತ್ತುಕೊಂಡಿತ್ತು!

ಕಾರಣ ಕಷ್ಟದ್ದಲ್ಲ. ಓಪನ್ ಫಿಲ್ಟರ್ ಬಾನೆಟ್ ಒಳಗಿನ ಬಿಸಿ ಗಾಳಿಯನ್ನೇ ಎಳೆಯುತ್ತದೆ. ಗಾಳಿ 10 ಡಿಗ್ರಿ ಬಿಸಿಯಾದರೆ ಸುಮಾರು 3% ತೆಳುವಾಗುತ್ತದೆ. ಬಾನೆಟ್ ತೆರೆದಿಟ್ಟು ಫ್ಯಾನ್ ಬಿಟ್ಟರೆ ಇದೇ ಫಿಲ್ಟರ್ ಡೈನೊ ಮೇಲೆ ಚೆನ್ನಾಗಿಯೇ ಕಾಣುತ್ತದೆ. ರಸ್ತೆಯಲ್ಲಿ ಯಾರು ಬಾನೆಟ್ ತೆರೆದು ಓಡಿಸುತ್ತಾರೆ? ಡೈನೊಗೆ ಹೋದರೆ ಮುಚ್ಚಿಸಿಯೇ ಓಡಿಸಿ.

ತುಮಕೂರಿಗೆ ವಾಪಸ್ ಬಂದು ನಮ್ಮ ಮೆಕ್ಯಾನಿಕ್ ಭಾಯ್ ಹತ್ತಿರ ಹೋದೆ. ಶೀಟ್ ನೋಡಿದವರು, "ಟ್ಯಾಪೆಟ್ ಯಾವಾಗ ನೋಡ್ಸಿದ್ರಿ?" ಅಂದರು. ಟ್ಯಾಪೆಟ್ ನೋಡುವುದು ಅಂದರೆ ಇಂಜಿನ್ನಿನ ವಾಲ್ವಿಗೂ ಅದನ್ನು ಒತ್ತಿ ತೆರೆಯುವ ತೋಳಿಗೂ ನಡುವಿನ ಸಣ್ಣ ಸಂದು ಅಳೆಯುವುದು. ನೆನಪಿರಲಿಲ್ಲ. "ಸದ್ದೇ ಬರ್ತಿಲ್ಲವಲ್ಲ ಭಾಯ್" ಅಂದೆ. "ಸದ್ದು ಬಂದ್ರೆ ಭಯ ಇಲ್ಲ ಅಣ್ಣಾ. ಸದ್ದು ಬರ್ದಿದ್ರೇ ನೋಡ್ಬೇಕು" ಅಂದರು.

ರಾತ್ರಿ ಅಲ್ಲೇ ಬಿಟ್ಟು ಬೆಳಿಗ್ಗೆ ತಣ್ಣಗಿದ್ದಾಗ ಕವರ್ ಬಿಚ್ಚಿದರು. ಈ ಇಂಜಿನ್ನಿಗೆ ಗಾಳಿ ಒಳಬರುವ ಇನ್‌ಟೇಕ್ ಕಡೆ 0.18ರಿಂದ 0.22 ಮಿಲಿಮೀಟರ್ ಸಂದು ಇರಬೇಕು, ಹೊಗೆ ಹೊರಹೋಗುವ ಎಕ್ಸಾಸ್ಟ್ ಕಡೆ 0.23ರಿಂದ 0.27. ಸಂದು ಅಳೆಯುವ ಫೀಲರ್ ಗೇಜಿನ ತೆಳು ತಗಡಿನ ಎಲೆ ಹಿಡಿದು ಒಂದೊಂದೇ ವಾಲ್ವಿಗೆ ತೂರಿಸುತ್ತಾ ಬಂದರು. ಮೂರನೇ ಸಿಲಿಂಡರಿನ ಎಕ್ಸಾಸ್ಟ್ ವಾಲ್ವಿನಲ್ಲಿ 0.25 ಹೋಗಲಿಲ್ಲ. 0.20 ಹೋಗಲಿಲ್ಲ. 0.15 ಕೂಡ ಅರ್ಧಕ್ಕೇ ಸಿಕ್ಕಿಕೊಂಡಿತು. ವರ್ಷಗಟ್ಟಲೆ ಓಡಿ ವಾಲ್ವು ಸೀಟಿನೊಳಗೆ ಇಳಿದಂತೆಲ್ಲ ಸಂದು ಕಡಿಮೆಯಾಗುತ್ತಾ ಹೋಗುತ್ತದೆ. ಬಿಸಿಯಾದಾಗ ವಾಲ್ವು ಉದ್ದವಾಗಿ ಪೂರ್ತಿ ಮುಚ್ಚಿಕೊಳ್ಳುವುದಿಲ್ಲ. ಕಂಪ್ರೆಷನ್, ಅಂದರೆ ಸಿಲಿಂಡರಿನೊಳಗಿನ ಒತ್ತಡ, ಅಲ್ಲೇ ಸೋರುತ್ತದೆ. ಸಡಿಲವಾದರೆ ಟಿಕ್ ಟಿಕ್ ಅಂತ ಎಲ್ಲರಿಗೂ ಕೇಳುತ್ತದೆ. ಬಿಗಿಯಾದರೆ ಇಂಜಿನ್ ಇನ್ನೂ ನಯವಾದ ಹಾಗೆ ಅನಿಸುತ್ತದೆ, ಹಾಗೇ ಇನ್ನಷ್ಟು ದಿನ ಬಿಟ್ಟರೆ ವಾಲ್ವು ಸುಟ್ಟುಹೋಗುತ್ತದೆ.

ಟ್ಯಾಪೆಟ್ ಸೆಟ್ಟಿಂಗ್, ಪ್ಲಗ್ಗು, ಇಗ್ನಿಷನ್ ಟೈಮಿಂಗ್, ಇಂಜಿನ್ ಇನ್ನೂ ತಣ್ಣಗಿದೆ ಅಂತ ಸುಳ್ಳು ಹೇಳಿ ಪೆಟ್ರೋಲ್ ಜಾಸ್ತಿ ಸುರಿಸುತ್ತಿದ್ದ ಒಂದು ಟೆಂಪರೇಚರ್ ಸೆನ್ಸರ್. ಎಲ್ಲ ಸೇರಿ ಮೂರೂವರೆ ಸಾವಿರ ಆಯಿತು. ಮತ್ತೆ ಅದೇ ಡೈನೊ, ಅದೇ ನಾಲ್ಕನೇ ಗೇರು. 88. ಒಂದೇ ಒಂದು ರೇಸಿಂಗ್ ಪಾರ್ಟ್ ಹಾಕದೆ!

ಈಗ ಆ 20 ಬಿಎಚ್‌ಪಿ ಮಾತಿಗೆ ಬರುತ್ತೇನೆ. ಟರ್ಬೊ ಗಾಡಿಗೆ ರೀಮ್ಯಾಪ್ ಮಾಡಿದರೆ ಬೂಸ್ಟ್ ಏರಿಸಬಹುದು, ಅಂದರೆ ಗಾಳಿಯನ್ನೇ ಜಾಸ್ತಿ ತುರುಕಬಹುದು. ಅಲ್ಲಿ 20% ಸಿಗುವುದು ನಿಜ. ನಮ್ಮ ಇಂಜಿನ್ನಿಗೆ ಆ ದಾರಿ ಇಲ್ಲ, ತಾನೇ ಎಷ್ಟು ಎಳೆದುಕೊಳ್ಳುತ್ತದೋ ಅಷ್ಟೇ. ಲ್ಯಾಪ್‌ಟಾಪ್ ಚುಚ್ಚಿದ ಮಾತ್ರಕ್ಕೆ ಗಾಳಿ ಜಾಸ್ತಿ ಬರುವುದಿಲ್ಲ. ಸುಮ್ನೆ ರೀಮ್ಯಾಪ್ ಒಂದರಿಂದಲೇ 20 ಬರುತ್ತದೆ ಅನ್ನುವವರಿಗೆ ಮೊದಲೊಂದು, ಆಮೇಲೊಂದು ಡೈನೊ ಶೀಟ್ ತೋರಿಸಿ ಅನ್ನಿ. ಅದೂ ಒಂದೇ ಡೈನೊದ್ದು. ಒಂದು ಡೈನೊದ ನಂಬರನ್ನು ಇನ್ನೊಂದರ ಜೊತೆ ಇಟ್ಟು ನೋಡುವುದರಲ್ಲಿ ಅರ್ಥ ಇಲ್ಲ.

ಇದರಲ್ಲಿ ನಮ್ಮ ಊರಿನ ಲೆಕ್ಕವೂ ಇದೆ. ತುಮಕೂರು ಸಮುದ್ರ ಮಟ್ಟದಿಂದ ಸುಮಾರು 820 ಮೀಟರ್ ಮೇಲಿದೆ. ಇಲ್ಲಿ ಗಾಳಿಯ ಒತ್ತಡ ಮಂಗಳೂರಿಗಿಂತ ಎಂಟೊಂಬತ್ತು ಪರ್ಸೆಂಟ್ ಕಡಿಮೆ, ಪವರ್ರೂ ಹೆಚ್ಚು ಕಡಿಮೆ ಅಷ್ಟೇ ಇಳಿಯುತ್ತದೆ. ಡೈನೊ ಕಂಪ್ಯೂಟರ್ ಇದನ್ನು ಲೆಕ್ಕ ಹಾಕಿ ನಂಬರ್ ಏರಿಸಿ ತೋರಿಸುತ್ತದೆ. ನಾನು ಮೇಲೆ ಹೇಳಿದ್ದೆಲ್ಲ ಹಾಗೆ ಏರಿಸಿದ ನಂಬರ್‌ಗಳೇ. ತಪ್ಪೇನಿಲ್ಲ. ಆದರೆ ಏರಿಸದ ನಂಬರನ್ನೂ ಕೇಳಿ ಬರೆಸಿಕೊಳ್ಳಿ. ಬಿ.ಎಚ್. ರಸ್ತೆಯಲ್ಲಿ ಓಡುವುದು ಆ ನಂಬರೇ.

ಹಾಗಾದರೆ ಜಪಾನಿನವರು ಟರ್ಬೊ ಇಲ್ಲದೆ ಅಷ್ಟೊಂದು ಪವರ್ ಹೇಗೆ ತೆಗೆದರು? 1989ರಲ್ಲೇ ಹೋಂಡಾ 1.6 ಲೀಟರಿನ ಬಿ16ಎ ಇಂಜಿನ್ನಿನಿಂದ 160 ಪಿಎಸ್ (ಹೆಚ್ಚು ಕಡಿಮೆ ಬಿಎಚ್‌ಪಿಯಷ್ಟೇ) ತೆಗೆದಿತ್ತು. 1999ರ ಎಸ್2000ದಲ್ಲಿ ಎರಡೇ ಲೀಟರಿಗೆ 250 ಪಿಎಸ್. ಅದರ ಟಾರ್ಕ್ 218 ಎನ್‌ಎಂ ಮಾತ್ರ, ಅದೇನು ದೊಡ್ಡದಲ್ಲ. ಆದರೆ ಆ ಟಾರ್ಕನ್ನು ಬಿಡದೆ 8300 ಆರ್‌ಪಿಎಂ ತನಕ ಎಳೆದುಕೊಂಡು ಹೋಗುತ್ತದೆ. ಪವರ್ ಅಂದರೆ ಟಾರ್ಕನ್ನು ಆರ್‌ಪಿಎಂನಿಂದ ಗುಣಿಸಿದ್ದು, ಅಷ್ಟೇ. ಮೇಲಿನ ಆರ್‌ಪಿಎಂನಲ್ಲೂ ಉಸಿರು ಕಟ್ಟದ ಹೆಡ್ಡು, ಕ್ಯಾಮು, ವಾಲ್ವ್ ಸ್ಪ್ರಿಂಗು ಎಲ್ಲ ಒಂದಕ್ಕೊಂದು ಹೊಂದಬೇಕು. ಅದು ಫ್ಯಾಕ್ಟರಿಯ ಎಷ್ಟೋ ವರ್ಷದ ಕೆಲಸ. ಒಂದು ಸೈಲೆನ್ಸರ್ ಬದಲಾಯಿಸಿದರೆ ಅದು ಬರುವುದಿಲ್ಲ.

ದೊಡ್ಡ ನಂಬರೇ ಎಲ್ಲ ಅಲ್ಲ ಅನ್ನುವುದನ್ನೂ ಡೈನೊ ಕಲಿಸಿತು. 2012ರ ಟೊಯೊಟಾ 86ರಲ್ಲಿ 200 ಪಿಎಸ್ ಇದೆ. ಆದರೆ 3500ರಿಂದ 4500ರ ನಡುವೆ ಅದರ ಟಾರ್ಕ್ ಗೆರೆ ಗುಂಡಿಗೆ ಬಿದ್ದ ಹಾಗೆ ಇಳಿದು ಏಳುತ್ತದೆ. ಸರಿಯಾದ ಹೆಡರ್ಸ್ (ಇಂಜಿನ್ನಿನಿಂದ ಹೊಗೆ ಹೊರತರುವ ಮೊದಲ ಪೈಪುಗಳು) ಹಾಕಿ ಟ್ಯೂನ್ ಮಾಡಿ ಆ ಗುಂಡಿ ತುಂಬಿಸಿಕೊಂಡವರಿಗೇ ದಿನಾ ಓಡಿಸುವಾಗ ಖುಷಿ. ನಾನೂ ಕೊನೆಗೆ ಅದನ್ನೇ ಮಾಡಿಸಿದೆ. ಹೆಡರ್ಸ್ ಹಾಕಿಸಿ, ಕಂಪನಿ ಕಂಪ್ಯೂಟರಿನ ಜೊತೆ ಸೇರಿಸುವ ಪಿಗ್ಗಿಬ್ಯಾಕ್ ಅನ್ನುವ ಪೆಟ್ಟಿಗೆ ಇಟ್ಟು, ಪೂರ್ತಿ ಒತ್ತಿದಾಗ ಒಂದು ಪಾಲು ಪೆಟ್ರೋಲಿಗೆ 12.8 ಪಾಲು ಗಾಳಿ ಬರುವಂತೆ ಸೆಟ್ ಮಾಡಿಸಿದೆ. 93 ಆಯಿತು. ನಡುವಿನ ಆರ್‌ಪಿಎಂನಲ್ಲಿ ಸಿಕ್ಕಿದ್ದು ಅದಕ್ಕಿಂತ ಜಾಸ್ತಿ. ಮೊದಲು ಟ್ಯೂನ್ ಮಾಡಿಸಿದ್ದವರು ಇದನ್ನು ಮತ್ತೆ ನೋಡಿಸಿಕೊಳ್ಳಿ. ಈಗ ಬಂಕಿನಲ್ಲಿ ಬರುತ್ತಿರುವುದು 20% ಎಥೆನಾಲ್ ಪೆಟ್ರೋಲು. ಅಷ್ಟೇ ಗಾಳಿಗೆ ಈ ಪೆಟ್ರೋಲ್ ಜಾಸ್ತಿ ಬೇಕು, ಹಳೇ ಮ್ಯಾಪಿನಲ್ಲಿ ಪೂರ್ತಿ ಒತ್ತಿದಾಗ ಕಡಿಮೆ ಬೀಳುತ್ತದೆ.

ದಪ್ಪ ಸೈಲೆನ್ಸರ್ ತೆಗೆದು ಕಂಪನಿಯದ್ದೇ ಹಾಕಿದ್ದೇನೆ. ಕಾನೂನಿನ ಮಾತು ಮುಚ್ಚಿಡುವುದಿಲ್ಲ. ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್ ಕಂಪನಿ ಕೊಟ್ಟಿದ್ದನ್ನು ಬದಲಾಯಿಸಬಾರದು ಅನ್ನುತ್ತದೆ. 2019ರ ತಿದ್ದುಪಡಿ ಆದ ಮೇಲೆ ಒಂದೊಂದು ಬದಲಾವಣೆಗೂ 5000 ರೂಪಾಯಿ ದಂಡ ಹಾಕಬಹುದು, ಜೈಲೂ ಆಗಬಹುದು. ಟ್ರ್ಯಾಕಿಗೆ ಅಂತ ಗಾಡಿ ಕಟ್ಟುವವರಿಗೆ ಚೆನ್ನೈ ಇದೆ, ಕೊಯಮತ್ತೂರು ಇದೆ. ದೇವರಾಯನದುರ್ಗದ ರಸ್ತೆ ಅದಕ್ಕಲ್ಲ. ಅಲ್ಲಿ ಭಾನುವಾರ ಬೆಳಿಗ್ಗೆ ಮಕ್ಕಳನ್ನು ಕರೆದುಕೊಂಡು ನಡೆದು ಹತ್ತುವವರಿದ್ದಾರೆ. ದಯವಿಟ್ಟು ಅಲ್ಲಿ ಬೇಡ.

ಬಟವಾಡಿಯ ಆ ಹುಡುಗ ಈ ಭಾನುವಾರ ಗಾಡಿ ತರುತ್ತಾನೆ. ಶನಿವಾರ ರಾತ್ರಿಯೇ ತಂದು ಭಾಯ್ ಶೆಡ್ಡಿನಲ್ಲಿ ನಿಲ್ಲಿಸು ಅಂದಿದ್ದೇನೆ. ಬೆಳಿಗ್ಗೆ ತಣ್ಣಗಿರಬೇಕಲ್ವಾ.