ಮಾವನ ಲ್ಯಾಪ್‌ಟಾಪ್ ಮತ್ತು ಗೌರಿ ಎಂಬ ಹಸು

ತೀರ್ಥಹಳ್ಳಿ ಹತ್ತಿರದ ನಮ್ಮ ಮಾವನ ಮನೆಗೆ ಹಗಲು ಹೊತ್ತು ಬೀಗ ಹಾಕಿದ್ದನ್ನು ನಾನು ನೋಡಿಯೇ ಇಲ್ಲ. ಆದರೆ ಲ್ಯಾಪ್‌ಟಾಪಿಗೆ ಮಾತ್ರ ಪಾಸ್‌ವರ್ಡ್ ಬೇಕೇ ಬೇಕು. ಯಾರೋ ವಾಟ್ಸಾಪಿನಲ್ಲಿ ಹ್ಯಾಕರುಗಳ ಬಗ್ಗೆ ಹೆದರಿಸಿದ್ದರಂತೆ. ಆಮೇಲೆ ಮಾವ ಪಾಸ್‌ವರ್ಡ್ ಮರೆತರು, ಅದನ್ನು ಬರೆದಿಟ್ಟಿದ್ದ ಡೈರಿಯನ್ನು ಅತ್ತೆ ರದ್ದಿಗೆ ಹಾಕಿದರು. ಇದರಲ್ಲಿ ಯಾವುದು ದೊಡ್ಡ ತಪ್ಪು ಅನ್ನೋ ಚರ್ಚೆ ಆ ಮನೆಯಲ್ಲಿ ಇನ್ನೂ ಮುಗಿದಿಲ್ಲ.

ಮಾವ ಬ್ಯಾಂಕಿನಲ್ಲಿದ್ದವರು. ಅಲ್ಲಿ ತಿಂಗಳು ತಿಂಗಳು ಪಾಸ್‌ವರ್ಡ್ ಬದಲಾಯಿಸಬೇಕಿತ್ತು, ಅದಕ್ಕೆ ಅತ್ತೆಯ ಹೆಸರಿನ ಮುಂದೆ ಒಂದು, ಎರಡು, ಮೂರು ಅಂತ ಏರಿಸುತ್ತಾ ಹೋಗಿ ರಿಟೈರ್ ಆಗುವಷ್ಟರಲ್ಲಿ ಮೂರಂಕಿ ಮುಟ್ಟಿದ್ದರು. ಒಂದು ಕ್ಯಾಪಿಟಲ್ ಅಕ್ಷರ ಇರಲಿ, ಒಂದು ಚಿಹ್ನೆ ಇರಲಿ, ಆಗಾಗ ಬದಲಾಗಲಿ ಎಂಬ ಈ ಸಲಹೆಗಳನ್ನು 2003ರಲ್ಲಿ ಬರೆದವರು ಅಮೆರಿಕದ ಸರ್ಕಾರಿ ಸಂಸ್ಥೆಯೊಂದರಲ್ಲಿದ್ದ ಬಿಲ್ ಬರ್. ಅದರಲ್ಲಿ ಬಹಳಷ್ಟಕ್ಕೆ ಈಗ ಬೇಸರವಾಗ್ತಿದೆ ಅಂತ 2017ರಲ್ಲಿ ಅವರೇ ಹೇಳಿಕೊಂಡರು. ಇದನ್ನು ಹೇಳಿದಾಗ ಮಾವ, “ನಾನು ರಿಟೈರ್ ಆದ ಮೇಲೆ ಹೇಳಿದ್ನಾ ಪುಣ್ಯಾತ್ಮ!” ಅಂದರು.

ಮೊದಲು ಕ್ಯಾಪ್ಸ್ ಲಾಕ್ ನೋಡಿದೆ. ಆಮೇಲೆ ಪರದೆಯ ಮೂಲೆಯಲ್ಲಿ ಭಾಷೆ ನೋಡಿದೆ. ಕೀಬೋರ್ಡು ಅಪ್ಪಿತಪ್ಪಿ ಕನ್ನಡಕ್ಕೆ ಹೋಗಿದ್ದರೆ ನಾವು ಇಂಗ್ಲಿಷ್ ಅಂತ ಒತ್ತುತ್ತಿರುತ್ತೇವೆ, ಒಳಗೆ ಬೀಳೋದು ಬೇರೆಯೇ. ಎರಡೂ ಸರಿ ಇತ್ತು. ಮಾವ ಒಂದೇ ಬೆರಳಿನಲ್ಲಿ, ಒಂದೊಂದೇ ಅಕ್ಷರವನ್ನು ಗಟ್ಟಿಯಾಗಿ ಹೇಳಿಕೊಂಡು ಟೈಪ್ ಮಾಡುತ್ತಾರೆ. ಪರದೆ ಮೇಲೆ ಬರೀ ಕಪ್ಪು ಚುಕ್ಕಿ, ಬಾಯಲ್ಲಿ ಪೂರ್ತಿ ಪಾಸ್‌ವರ್ಡ್. “ವಿಂಡೋಸ್ 98ರಲ್ಲಿ ಎಸ್ಕೇಪ್ ಒತ್ತಿದ್ರೆ ಸಾಕಿತ್ತು, ಒಳಗೆ ಬಿಡ್ತಿತ್ತು” ಅಂತ ಹಳೇ ಕಾಲ ನೆನೆಸಿಕೊಂಡರು. ನಿಜವೇ. ಆಗಿನ ಆ ಪೆಟ್ಟಿಗೆ ಪಾಸ್‌ವರ್ಡ್ ಕೇಳುತ್ತಿದ್ದದ್ದು ಬರೀ ಮರ್ಯಾದೆಗೆ.

ಪೇಟೆಯ ರಿಪೇರಿ ಅಂಗಡಿಯವನಿಗೆ ಫೋನ್ ಮಾಡಿದರೆ ಒಂದೇ ಮಾತು, “ಫಾರ್ಮ್ಯಾಟ್ ಹೊಡೆದುಬಿಡೋಣ ಸಾರ್.” ಸ್ಕ್ರೀನ್ ಮಂಕಾದರೂ ಫಾರ್ಮ್ಯಾಟ್, ಸ್ಪೀಕರ್ ಸತ್ತರೂ ಫಾರ್ಮ್ಯಾಟ್. ಒಳಗೆ ಅಡಿಕೆ ಲೆಕ್ಕ ಇದೆ, ಮಾವ ‘ನುಡಿ’ ಅನ್ನೋ ಕನ್ನಡ ತಂತ್ರಾಂಶದಲ್ಲಿ ಟೈಪ್ ಮಾಡಿದ ವಂಶವೃಕ್ಷ ಇದೆ. ಫಾರ್ಮ್ಯಾಟ್ ಹೊಡೆದರೆ ಎಲ್ಲಾ ಅಳಿಸಿಹೋಗುತ್ತದೆ, ಆಗಲ್ಲ ಅಂದೆ. ಡಿಸ್ಕಿಗೆ ಬಿಟ್‌ಲಾಕರ್ ಅನ್ನೋ ವಿಂಡೋಸಿನ ಬೀಗ ಹಾಕಿರದಿದ್ದರೆ, ವಿಂಡೋಸ್ ಬದಲು ಪೆನ್‌ಡ್ರೈವಿನಿಂದ ಲಿನಕ್ಸ್ ಅನ್ನೋ ಇನ್ನೊಂದು ಆಪರೇಟಿಂಗ್ ಸಿಸ್ಟಮ್ ಶುರು ಮಾಡಿ ಫೈಲುಗಳನ್ನಾದರೂ ಎತ್ತಿಕೊಳ್ಳಬಹುದು. ಹಾಕಿದ್ದರೆ 48 ಅಂಕಿಯ ರಿಕವರಿ ಕೀ ಬೇಕು, ಅದೂ ಆ ಡೈರಿಯಲ್ಲೇ ಇತ್ತೋ ಏನೋ.

ಅಷ್ಟರಲ್ಲಿ ತಪ್ಪು ಪಾಸ್‌ವರ್ಡಿನ ಕೆಳಗೆ ‘ರೀಸೆಟ್ ಪಾಸ್‌ವರ್ಡ್’ ಅಂತ ಕಾಣಿಸಿತು. ಮಾವನದು ಮೈಕ್ರೋಸಾಫ್ಟ್ ಅಕೌಂಟ್ ಅಲ್ಲ, ಆ ಯಂತ್ರದ ಮಟ್ಟಿಗಿನ ಲೋಕಲ್ ಅಕೌಂಟ್. ಅದಕ್ಕೆ ಒಟಿಪಿ ಗಿಟಿಪಿ ಇಲ್ಲ, ಹಿಂದೆ ನಾವೇ ಆರಿಸಿಟ್ಟ ಮೂರು ಪ್ರಶ್ನೆ ಕೇಳುತ್ತದೆ. ಸುಲಭ ಅಲ್ವಾ ಅಂದುಕೊಂಡೆ.

ಮೊದಲ ಸಾಕುಪ್ರಾಣಿಯ ಹೆಸರೇನು? “ಕೊಟ್ಟಿಗೆ ತುಂಬಾ ದನ ಇದ್ವು, ನಾನು ಹುಟ್ಟೋಕೆ ಮುಂಚೆಯಿಂದ. ಮೊದಲನೇದು ಯಾವುದು ಅಂತ ಹೇಳ್ಲಿ?” ಕೊನೆಗೆ ಗೌರಿ ಅಂತ ತೀರ್ಮಾನವಾಯಿತು. ಆದರೆ ಗೌರಿ ಇಂಗ್ಲಿಷಿನಲ್ಲಿ ಹೇಗೆ? ಜಿ ಮುಂದೆ ಓ ಡಬ್ಲ್ಯೂನಾ, ಎ ಯೂನಾ, ಓ ಯೂನಾ? ಹಸುವಿಗೇನು, ಕರೆದರೆ ಬರುತ್ತಿತ್ತು. ವಿಂಡೋಸ್‌ಗೆ ಸ್ಪೆಲ್ಲಿಂಗ್ ಬೇಕು.

ನಿಮ್ಮ ತಂದೆ ತಾಯಿ ಭೇಟಿಯಾದ ನಗರ ಯಾವುದು? ಮಾವ ನಕ್ಕರು. “ಅವರು ಮುಖ ನೋಡಿದ್ದೇ ಅಂತರಪಟ ಸರಿದ ಮೇಲೆ. ನಗರ ಎಲ್ಲಿಂದ ಬಂತು, ಅಜ್ಜಿ ಮನೆ ಅಂಗಳ ಅದು!” ಸಿಗರೇಟಿನ ಹೊಗೆ ತುಂಬಿದ ಯಾವುದೋ ಕಾಫಿ ಹೌಸಿನಲ್ಲಿ ಭೇಟಿಯಾದವರ ಮಕ್ಕಳಿಗಾಗಿ ಮಾಡಿದ ಪ್ರಶ್ನೆ ಇದು, ಅನುಮಾನವೇ ಇಲ್ಲ. ಅಂಗಳಕ್ಕೆ ಹತ್ತಿರದ ಊರು ತೀರ್ಥಹಳ್ಳಿ. ಮತ್ತೆ ಅದೇ ಗೋಳು, ಟಿ ಆದಮೇಲೆ ಹೆಚ್ ಇದೆಯಾ, ಐ ಒಂದಾ, ಇಲ್ಲಾ ಎರಡು ಈ ನಾ. ಬಸ್ಸಿನ ಬೋರ್ಡಲ್ಲಿ ಒಂದು, ಅಂಗಡಿ ಬೋರ್ಡಲ್ಲಿ ಇನ್ನೊಂದು.

ಮೂರನೇದು ಬಾಲ್ಯದ ಅಡ್ಡಹೆಸರು. ಇಲ್ಲಿ ಮಾವ ಪೂರ್ತಿ ಮೌನ. ಸ್ವಲ್ಪ ಹೊತ್ತು ಬಿಟ್ಟು, “ಅಳಿಯಂದಿರೇ, ನೀವು ಒಂದು ನಿಮಿಷ ಜಗಲಿಗೆ ಹೋಗಿ” ಅಂದರು. ಸಂಕೋಚ ಅರ್ಥವಾಯಿತು, ಎದ್ದು ಹೋದೆ. ಒಳಗಿನಿಂದ ಸ್ಪಷ್ಟವಾಗಿ ಕೇಳಿಸಿತು, “ಜಿ... ಯು... ಎನ್... ಡಿ... ಯು...” ಅಡುಗೆಮನೆಯಲ್ಲಿ ಅತ್ತೆ ಕಿಸಕ್ಕನೆ ನಕ್ಕಿದ್ದೂ ಕೇಳಿಸಿತು.

ಗೌರಿಯ ಸ್ಪೆಲ್ಲಿಂಗು ಅದಲು ಬದಲು ಮಾಡುತ್ತಾ ಕೊನೆಗೂ ಬಾಗಿಲು ತೆರೆಯಿತು. ಹೊಸ ಪಾಸ್‌ವರ್ಡ್ ಹಾಕುವಾಗ ಮಾವ ನನ್ನನ್ನು ಮತ್ತೆ ಜಗಲಿಗೆ ಕಳಿಸಿದರು. ಅದೀಗ ನನಗೂ ಗೊತ್ತು, ಅತ್ತೆಗೂ ಗೊತ್ತು, ಅಂಗಳದಲ್ಲಿ ತೆಂಗಿನಕಾಯಿ ಸುಲಿಯುತ್ತಿದ್ದವನಿಗೂ ಗೊತ್ತು. ಇನ್ನು ಮರೆತರೂ ಚಿಂತೆಯಿಲ್ಲ.